ತೊಂಬತ್ತೇಳನೆಯವನು

ಅಂಕಪಟ್ಟಿಯು ಏನನ್ನು ಹೇಳುತ್ತದೆ, ಏನನ್ನು ಹೇಳದು ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವನು ಸ್ಪೇನ್ ದೇಶದ ಬೈಸಿಕಲ್ ಸವಾರ ಮಿಗೆಲ್ ಇಂದುರೈನ್.

ಈತನು ಹುಟ್ಟಿದ್ದು 1964ರಲ್ಲಿ, ಪಾಂಪ್ಲೋನಾ ನಗರದ ಬದಿಯ ವಿಯಾವಾ ಎಂಬ ಊರಿನ ಒಕ್ಕಲು ಮನೆತನದಲ್ಲಿ. ಬಾಲ್ಯದ ಬೈಸಿಕಲ್ಲು ಕಳವಾದಾಗ ತಂದೆಯೊಡನೆ ಹೊಲದಲ್ಲಿ ದುಡಿದು ಇನ್ನೊಂದನ್ನು ಸಂಪಾದಿಸಿಕೊಂಡನಂತೆ.

‘ಟೂರ್ ದ ಫ್ರಾನ್ಸ್’ ಸುಮಾರು ಮೂರು ವಾರಗಳ ಪಂದ್ಯ. 1985ರಲ್ಲಿಯೂ 1986ರಲ್ಲಿಯೂ ಆತನು ಅದನ್ನು ನಡುವೆಯೇ ಬಿಟ್ಟನು. 1987ರಲ್ಲಿ ತೊಂಬತ್ತೇಳನೆಯವನು, ಮುಂದಿನ ಮೂರು ವರ್ಷಗಳಲ್ಲಿ 47, 17, 10. 1991ರಲ್ಲಿ ಮೊದಲನೆಯವನು. 1995ರವರೆಗೆ, ಸತತ ಐದು ವರ್ಷ, ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ. 1992 ಹಾಗೂ 1993ರಲ್ಲಿ ಇಟಲಿಯ ‘ಜೀರೊ’ ಪಂದ್ಯವೂ ಆತನಿಗೇ ಒಲಿಯಿತು. 1994ರಲ್ಲಿ ಬೋರ್ಡೊ ನಗರದಲ್ಲಿ ಒಂದು ಗಂಟೆಯಲ್ಲಿ 53.040 ಕಿಲೋಮೀಟರು ಸಾಗಿ ಅಂದಿನ ದಾಖಲೆಯನ್ನು ಸ್ಥಾಪಿಸಿದನು.

ಈ ಅಂಕಿಗಳನ್ನು ಏಣಿಯ ಮೆಟ್ಟಲುಗಳೆಂದು ಮಕ್ಕಳಿಗೆ ತೋರಿಸುವುದು ಸುಲಭ. ಆದರೆ ಅವು ಹೇಳದ ಮಾತೊಂದುಂಟು. 1988ರಿಂದ 1990ರವರೆಗೆ ಆತನ ಕೆಲಸ ತಾನು ಗೆಲ್ಲುವುದಲ್ಲ, ತಂಡದ ಪೆದ್ರೊ ದೆಲ್ಗಾದೊನನ್ನು ಗೆಲ್ಲಿಸುವುದು. ಮುಂದೆ ಸಾಗುವವನು ಗಾಳಿಯನ್ನು ಸೀಳಿದರೆ ಬೆನ್ನ ಹಿಂದಿನವನಿಗೆ ಶ್ರಮ ಕಡಿಮೆ. 1988ರಲ್ಲಿ ದೆಲ್ಗಾದೊ ಗೆದ್ದನು. ಅವನಿಗಾಗಿ ಗಾಳಿಗೆ ಎದೆಯೊಡ್ಡಿದವರಲ್ಲಿ ಒಬ್ಬನಾದ ಇಂದುರೈನನ ಹೆಸರಿನ ಮುಂದೆ ಬಿದ್ದ ಅಂಕಿ 47. ನೆರವಿಗೆಂದು ಆ ಪಟ್ಟಿಯಲ್ಲಿ ಒಂದು ಅಂಕಣವಿಲ್ಲ. ನಮ್ಮ ಪಟ್ಟಿಯಲ್ಲಿಯೂ ಇಲ್ಲ.

1996ರಲ್ಲಿ ಆತನು ಹನ್ನೊಂದನೆಯ ಸ್ಥಾನಕ್ಕೆ ಇಳಿದನು. ಆ ವರ್ಷ ಪಂದ್ಯವು ಆತನ ಊರಿನ ಮೂಲಕವೇ ಸಾಗಿತು. ಪಾಂಪ್ಲೋನಾ ತಲಪುವಾಗ ಆತನು ಮುಂದಿನವರಿಗಿಂತ ಎಂಟು ನಿಮಿಷಕ್ಕೂ ಹೆಚ್ಚು ಹಿಂದೆ. ಆದರೂ ಜನ ಆತನನ್ನು ಆದರಿಸಿದರು. ಅದೇ ಬೇಸಿಗೆ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ಪಡೆದು, 1997ರ ಜನವರಿಯಲ್ಲಿ ನಿವೃತ್ತಿಯನ್ನು ಸಾರಿದನು.

ಹೋದ ವರ್ಷ ಪಾಲಕರೊಬ್ಬರು ಬಂದು, “ಮಾಸ್ತರ್ರೇ, ನಮ್ಮ ಹುಡುಗ ಎಲ್ಲಾ ಪರೀಕ್ಷೆದಾಗೂ ಕಡೀಗೇ ಉಳದಾನ. ಸಾಲಿ ಬಿಡಿಸಿ ಕೆಲಸಕ್ಕ ಹಚ್ಚಲೇನ್ರಿ?” ಎಂದು ಕೇಳಿದರು. ಹುಡುಗ ನಾಲ್ಕನೆಯ ತರಗತಿ. ಮಧ್ಯಾಹ್ನದ ಬಿಡುವಿನಲ್ಲಿ ಒಂದನೆಯ ತರಗತಿಯ ಚಿಕ್ಕವರನ್ನು ಸುತ್ತ ಕೂರಿಸಿಕೊಂಡು, ಯಾರೂ ಹೇಳದೆಯೇ, ಕನ್ನಡ ಅಕ್ಷರಗಳನ್ನು ತಿದ್ದಿಸುತ್ತಿದ್ದವನು ಅವನು. ಮೊದಲನೆಯವನಾದಾನೆಂಬ ಭರವಸೆಯನ್ನು ನಾನು ಕೊಡಲಿಲ್ಲ. ಅವನು ಮಾಡುತ್ತಿದ್ದ ಈ ಕೆಲಸವನ್ನು ಮಾತ್ರ ತಂದೆಗೆ ತೋರಿಸಿದೆನು. ಅವರು ಬಾಗಿಲ ಬಳಿ ಕೊಂಚ ಹೊತ್ತು ನಿಂತು ನೋಡಿ, “ಇನ್ನೊಂದು ವರ್ಷ ನೋಡೋಣ್ರಿ” ಎಂದರು.

ಹುಡುಗ ಈಗ ಐದನೆಯ ತರಗತಿಯಲ್ಲಿದ್ದಾನೆ. ಅವನ ಸ್ಥಾನ ಇನ್ನೂ ಕಡೆಯದೇ. ಅವನು ತಿದ್ದಿಸಿದ ಮಕ್ಕಳು ಮಾತ್ರ ತಡವರಿಸದೆ ಓದುತ್ತಾರೆ.