ಹಿಡಿಜೋಳದ ಡಬ್ಬಿ

1978ರಲ್ಲಿ ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅಡಿಗೆಮನೆಯ ಮೂಲೆಯಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬಿ ಇತ್ತು. ನಮ್ಮತ್ತೆ ದಿನಾ ಮುಂಜಾನೆ ರೊಟ್ಟಿಗೆ ಹಿಟ್ಟು ತೆಗೆಯುವ ಮೊದಲು ಜೋಳದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದು ಆ ಡಬ್ಬಿಗೆ ಹಾಕುವರು. ಆಮೇಲೆಯೇ ಒಲೆ ಹೊತ್ತಬೇಕು. ಒಮ್ಮೆ ಮನೆಗೆ ಬೀಗರು ಬಂದರು, ಚೀಲದ ತಳ ಕಂಡಿತ್ತು. ನಾನು ಹೊಸಬಳು, ಡಬ್ಬಿಯ ಜೋಳವನ್ನೇ ಸುರಿದು ಗಿರಣಿಗೆ ಕಳಿಸಿಬಿಟ್ಟೆ. ಅತ್ತೆ ಬೈಯಲಿಲ್ಲ. "ಅದು ನಮ್ಮದಲ್ಲವ್ವಾ, ಹುಡಿಗ್ಯಾರದು" ಅಂದರು ಅಷ್ಟೆ. ಮರುದಿನದಿಂದ ಒಂದು ವಾರ ತಾವು ಒಂದೊಂದು ರೊಟ್ಟಿ ಕಡಿಮೆ ಉಂಡು ದಿನಾ ಎರಡೆರಡು ಹಿಡಿ ಹಾಕಿದರು. ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ.

'ಹುಡಿಗ್ಯಾರು' ಅಂದರೆ ನಮ್ಮ ಚರ್ಚಿನ ಹಾಸ್ಟೆಲಿನ ಹುಡುಗಿಯರು. ನಮ್ಮದು ಧಾರವಾಡ ಸೀಮೆಯ ಒಂದು ಸಣ್ಣ ಊರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಮುಂದೆ ಮೂರೇ ವರ್ಷಕ್ಕೆ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಬಂದರು. ಅವರು ಹೋದಲ್ಲೆಲ್ಲ ಗುಡಿಯ ಪಕ್ಕದಲ್ಲೇ ಒಂದು ಶಾಲೆ ಎದ್ದು ನಿಲ್ಲುತ್ತಿತ್ತು. ಆ ಕಾಲದ ಗಾಳಿ ನಮ್ಮ ಸೀಮೆಯ ಎಲ್ಲ ಚರ್ಚುಗಳಿಗೂ ತಾಗಿದೆ. ಸುತ್ತಲಿನ ಹಳ್ಳಿಗಳಲ್ಲಿ ಏಳನೆಯ ಇಯತ್ತೆಗೇ ಓದು ನಿಲ್ಲುವ ಹೆಣ್ಣುಮಕ್ಕಳು, ಯಾವ ಜಾತಿ ಯಾವ ಮತವೇ ಇರಲಿ, ನಮ್ಮ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸುತ್ತಿದ್ದರು. ತಿಂಗಳ ಕೊನೆಯ ಭಾನುವಾರ ಹೆಂಗಸರೆಲ್ಲ ಸೆರಗಿನಡಿ ಡಬ್ಬಿ ಹಿಡಿದು ಚರ್ಚಿಗೆ ಬರುವರು. ಪಡಸಾಲೆಯಲ್ಲಿ ಸೇರಿನಿಂದ ಅಳೆದು ಚೀಲಕ್ಕೆ ಸುರಿಯುವುದು. ಆರಾಧನೆಯ ಹೊತ್ತಿಗೆ ಒಳಗೆಲ್ಲ ಜೋಳದ ಧೂಳಿನ ವಾಸನೆ. ಸಿರಿವಂತರ ಡಬ್ಬಿ ಯಾವುದು, ಬಡವರದು ಯಾವುದು ಎಂದು ಚೀಲಕ್ಕೆ ಸುರಿದ ಮೇಲೆ ಗೊತ್ತಾಗುತ್ತಿರಲಿಲ್ಲ.

1996ರಲ್ಲಿ ನಾನು ಸ್ತ್ರೀ ಸಂಘದ ಕಾರ್ಯದರ್ಶಿಯಾದೆ. ಎರಡು ವರ್ಷಕ್ಕೆ ಡಬ್ಬಿಯ ಬದಲು ಲಕೋಟೆ ಬಂತು. ತಂದವಳು ನಾನೇ. ನನ್ನ ಮಾತಿನಲ್ಲಿ ಹುರುಳಿರಲಿಲ್ಲ ಎಂದಲ್ಲ. ಅರ್ಧ ಜನ ನೌಕರಿಯವರು, ಜೋಳಕ್ಕೆ ಹುಳ ಬೀಳುತ್ತದೆ, ಹೊರುವವರಿಲ್ಲ. ತಿಂಗಳಿಗೆ ಇಪ್ಪತ್ತು ರೂಪಾಯಿ ಲಕೋಟೆಯಲ್ಲಿಟ್ಟು ಕೊಟ್ಟರಾಯಿತು, ಹಾಸ್ಟೆಲಿನವರು ಬೇಕಾದ್ದು ತರಲಿ. ಎಲ್ಲರೂ ಕೈ ಎತ್ತಿದರು. ಅತ್ತೆಯೊಬ್ಬರೇ, "ರೊಕ್ಕಾ ಕೊಡೂದು ತಿಂಗಳಿಗೊಮ್ಮೆ ನೆನಪಾಕ್ಕೈತಿ, ಹಿಡಿ ತಗ್ಯೂದು ದಿನಾ ನೆನಪಾಕ್ಕೈತಿ" ಎಂದು ಗೊಣಗಿದರು. ವಯಸ್ಸಾದವರ ಮಾತು ಎಂದು ಬಿಟ್ಟೆ.

ಲಕೋಟೆಯ ಹಣವನ್ನು ಬೇರೆ ಇಡುವುದು ತೊಡಕೆಂದು ಚರ್ಚಿನ ಸಾಮಾನ್ಯ ಖಾತೆಗೆ ಸೇರಿಸಿದರು. ಸಾಮಾನ್ಯ ಖಾತೆಯಿಂದ ಮೈಕ್ ಸೆಟ್ ಬಂತು, ಅಂಗಳಕ್ಕೆ ಟೈಲ್ಸ್ ಬಂತು, ಮುಂಬಾಗಿಲಿಗೆ ಕಮಾನು ಎದ್ದಿತು. ಒಂದು ಪೈಸೆಯನ್ನೂ ಯಾರೂ ಕದಿಯಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಎಲ್ಲದಕ್ಕೂ ರಸೀದಿ ಇದೆ. ಆದರೆ ಹಾಸ್ಟೆಲಿನ ಹಿಂದಿನ ಕೋಣೆ ಸೋರತೊಡಗಿತ್ತು. ನಲವತ್ತು ಹುಡುಗಿಯರಿದ್ದಲ್ಲಿ ಇಪ್ಪತ್ತಾದರು, ಇಪ್ಪತ್ತಿದ್ದಲ್ಲಿ ಒಂಬತ್ತಾದರು. ನಾವು ಸುಗ್ಗಿ ಹಬ್ಬದ ದಿನ ಕುಂಬಳಕಾಯಿ ಹರಾಜು ಕೂಗುತ್ತ, ಹೋದ ವರ್ಷಕ್ಕಿಂತ ಹೆಚ್ಚು ಹಣವಾಯಿತೆಂದು ಚಪ್ಪಾಳೆ ತಟ್ಟುತ್ತಿದ್ದೆವು.

2005ರಲ್ಲಿ ನನ್ನನ್ನು ಸಭಾ ಕಮಿಟಿಗೆ ಆರಿಸಿದರು. ದೇವಸ್ಥಾನಕ್ಕೆ ಟ್ರಸ್ಟ್ ಇದ್ದಂತೆ ನಮಗೆ ಈ ಕಮಿಟಿ. ಹನ್ನೊಂದು ಜನರಲ್ಲಿ ಇಬ್ಬರು ಹೆಂಗಸರು. ಅಕ್ಷರ ದುಂಡಗಿದೆಯೆಂದು ಠರಾವು ಪುಸ್ತಕ ಬರೆಯುವ ಕೆಲಸ ನನಗೇ ಬಂತು. ಹೆಂಗಸರನ್ನು ಕಮಿಟಿಗೆ ತೆಗೆದುಕೊಂಡರೆ ಮೊದಲು ಸಿಗುವ ಕೆಲಸ ಅದು, ಎರಡನೆಯದು ಚಹಾ.

2012ರಲ್ಲಿ ಬೆಂಗಳೂರಿನಿಂದ ಒಬ್ಬ ತರಬೇತುದಾರರನ್ನು ಕರೆಸಿದೆವು. ಎರಡು ದಿನ ಬಣ್ಣಬಣ್ಣದ ಚೀಟಿ ಅಂಟಿಸಿ 'ನಮ್ಮ ದರ್ಶನ' ಎಂದು ಎರಡು ಸಾಲು, 'ನಮ್ಮ ಮೌಲ್ಯಗಳು' ಎಂದು ಐದು ಸಾಲು ಮಾಡಿಕೊಟ್ಟರು. ಅವರು ಒಳ್ಳೆಯ ಮನುಷ್ಯರು, ನಮ್ಮಿಂದ ತೆಗೆದದ್ದನ್ನೇ ನಮಗೆ ಕೊಟ್ಟರು. ಅದನ್ನು ಕರಿಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಬಳಿ ನಿಲ್ಲಿಸಿದೆವು. ಆರು ತಿಂಗಳ ಮೇಲೆ ನಾನು ಸುಮ್ಮನೆ ಚೇಷ್ಟೆಗೆಂದು ಕಮಿಟಿಯವರನ್ನು ಕೇಳಿದೆ, ಐದು ಮೌಲ್ಯ ಹೇಳಿರಿ ನೋಡೋಣ ಎಂದು. ಮೂರರ ಮೇಲೆ ಯಾರಿಗೂ ಹೋಗಲಾಗಲಿಲ್ಲ. ನನಗೂ ಸಹ.

ಮರುವರ್ಷ, 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ಪರಾದ ಸುದ್ದಿ ಬಂದಾಗ ಸ್ತ್ರೀ ಸಂಘದಲ್ಲಿ ಪೇಢೆ ಹಂಚಿದೆವು. ಹೆಂಗಸರು ಮುಂದೆ ಬಂದರೆ ಎಲ್ಲ ನೆಟ್ಟಗಾಗುತ್ತದೆ ಎಂದು ಅಂದು ನಾನೇ ಭಾಷಣ ಮಾಡಿದೆ. ಲಕೋಟೆಯ ನೆನಪು ಆ ಹೊತ್ತಿಗೆ ಬರಲಿಲ್ಲ.

ನೆನಪಾದದ್ದು 2014ರಲ್ಲಿ. ಸ್ಮರಣ ಸಂಚಿಕೆಯೊಂದಕ್ಕಾಗಿ ಹಳೆಯ ಠರಾವು ಪುಸ್ತಕಗಳನ್ನು ಓದಿ ಟಿಪ್ಪಣಿ ಮಾಡಿಕೊಡಲು ಹೇಳಿದ್ದರು. ಗೆದ್ದಲು ತಿಂದು ಉಳಿದ ನಾಲ್ಕು ಪುಸ್ತಕ ಮನೆಗೆ ತಂದೆ. ಅರವತ್ತರ ದಶಕದ ಪ್ರತಿ ಸಭೆಯಲ್ಲೂ ಪ್ರಾರ್ಥನೆ ಮುಗಿದೊಡನೆ ಮೊದಲನೆಯ ವಿಷಯ ಒಂದೇ: 'ಕಾಣದವರು'. ಈ ತಿಂಗಳು ಚರ್ಚಿಗೆ ಯಾರು ಬಂದಿಲ್ಲ, ಯಾಕೆ, ನೋಡಿಬರಲು ಯಾರು ಹೋಗಬೇಕು. ಎರಡನೆಯದು ಹಾಸ್ಟೆಲು: ಎಷ್ಟು ಹುಡುಗಿಯರು, ಯಾರಿಗೆ ಜ್ವರ, ಯಾರಿಗೆ ಚಾದರ ಬೇಕು. ಹಣದ ಲೆಕ್ಕ ಕೊನೆಗೆ, ಎರಡೇ ಸಾಲು. ಎಂಬತ್ತರ ದಶಕಕ್ಕೆ ಲೆಕ್ಕ ಮಧ್ಯಕ್ಕೆ ಏರಿತ್ತು. ನನ್ನ ಕೈಬರಹದ ಪುಸ್ತಕಕ್ಕೆ ಬಂದೆ. ಮೊದಲನೆಯ ವಿಷಯ ಕಟ್ಟಡ, ಎರಡನೆಯದು ಲೆಕ್ಕ, ಮೂರನೆಯದು ಲೆಕ್ಕದ ಮೇಲಿನ ಜಗಳ. ಕೊನೆಯಲ್ಲಿ, 'ಹಾಸ್ಟೆಲ್ ವಿಷಯ: ಸಮಯಾಭಾವದಿಂದ ಮುಂದೂಡಲಾಯಿತು.' ಪುಟ ತಿರುವಿದೆ, ಮತ್ತೆ ಅದೇ ಸಾಲು. ಏಳು ಸಭೆ. ಏಳು ಸಲವೂ ನನ್ನ ದುಂಡಗಿನ ಅಕ್ಷರ. 'ಕಾಣದವರು' ಎಂಬ ಮಾತಂತೂ ಎಲ್ಲೂ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅತ್ತೆ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು, ಹೇಳಿಕೊಳ್ಳಲಿಕ್ಕೂ ಯಾರಿಲ್ಲ.

ಬೈಬಲಿನಲ್ಲಿ, ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಮೊದಮೊದಲ ಸಭೆಯೊಳಗೆ ಎದ್ದ ಒಂದು ಗೊಣಗಾಟದ ಕಥೆ ಬರುತ್ತದೆ. ತಕರಾರು ತತ್ವದ್ದಲ್ಲ, ಊಟದ್ದು. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ಕಡೆಯ ವಿಧವೆಯರು ತಪ್ಪಿಹೋಗುತ್ತಿದ್ದರು. ಹಿರಿಯರು ಮುಂದೂಡಲಿಲ್ಲ. ಜನರನ್ನೆಲ್ಲ ಕೂಡಿಸಿ, ಅದಕ್ಕೆಂದೇ ಏಳು ಮಂದಿಯನ್ನು ಆರಿಸಿರಿ ಎಂದರು. ಆರಿಸಿದವರ ಹೆಸರು ನೋಡಿದರೆ ಏಳೂ ಗ್ರೀಕ್ ಹೆಸರುಗಳೇ, ಎಂದರೆ ದೂರು ಹೇಳಿದವರ ಕಡೆಯವರ ಕೈಗೇ ಸೌಟು ಕೊಟ್ಟಂತೆ. ವಿಧವೆಯರ ಊಟಕ್ಕೆ ಏಳೂ ಜನ ಗಂಡಸರೇ ಯಾಕೆ ಬೇಕಾಯಿತೋ, ಇರಲಿ. ಎಷ್ಟೋ ಸಲ ಓದಿದ ಅಧ್ಯಾಯವದು. ಆ ವಾರ ಓದಿದಾಗ ತಪ್ಪಿಹೋದವರು ನಮ್ಮ ಹಿಂದಿನ ಕೋಣೆಯ ಹುಡುಗಿಯರೇ ಎನ್ನಿಸಿತು.

ಮುಂದಿನ ಸಭೆಯ ಅಜೆಂಡಾದಲ್ಲಿ ಮೊದಲನೆಯ ವಿಷಯ, ಹಾಸ್ಟೆಲಿನ ಜಾಗವನ್ನು ಅಂಗಡಿ ಸಾಲಿಗೆ ಲೀಸಿಗೆ ಕೊಡುವುದು. ನಾನು ಎದ್ದು ನಿಂತೆ. ಅಂಗಡಿ ಬೇಡ ಎನ್ನಲಿಲ್ಲ. ಅಜೆಂಡಾದ ಸಾಲು ಬದಲಿಸೋಣ, ಮೊದಲು ಕಾಣದವರು, ಆಮೇಲೆ ಹುಡುಗಿಯರು, ಆಮೇಲೆ ಅಂಗಡಿ ಎಂದೆ. ಹಳೆಯ ಪುಸ್ತಕ ತೋರಿಸಿದೆ. ಖಜಾಂಚಿ ನಕ್ಕು, "ಅಕ್ಕಾರ, ಸಾಲು ಬದಲಿಸಿದ್ರ ಏನ್ ಆಕ್ಕೈತ್ರಿ? ವಿಷಯ ಅವ ಅಲ್ಲೇನ್ರಿ?" ಎಂದರು. "ಏನೂ ಆಗೂದಿಲ್ಲಂದ್ರ ಬದಲಿಸಾಕ ಅಡ್ಡಿ ಏನ್ರಿ?" ಎಂದೆ. ಒಬ್ಬರು, ನೀವೇ ಬರೆದ ಠರಾವುಗಳಲ್ಲವೇ ಇವು, ಆಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಉತ್ತರ ನನ್ನಲ್ಲಿರಲಿಲ್ಲ, ತಪ್ಪಾಯಿತು ಎಂದೆ. ಹತ್ತೊಂಬತ್ತು ವರ್ಷ ಸ್ತ್ರೀ ಸಂಘ, ಕಮಿಟಿ ಎಂದು ಓಡಾಡಿದವಳು ಹತ್ತು ಜನರೆದುರು ಈ ಮಾತು ಹೇಳುವಾಗ ಕಾಲು ನಡುಗಿದವು. ನಮ್ಮ ಸಭಾಪಾಲಕರು ಆ ತನಕ ಮಾತಾಡಿರಲಿಲ್ಲ. ಅಜೆಂಡಾದ ಹಾಳೆ ಮಗುಚಿ ಇಟ್ಟು, "ಹಂಗಾರ ಹೇಳ್ರಿ, ಈ ತಿಂಗಳ ಯಾರ್ ಯಾರು ಕಂಡಿಲ್ಲ?" ಎಂದರು. ಆರು ಹೆಸರು ಬಂದವು. ಒಬ್ಬ ಮುದುಕಿ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು, ನಮ್ಮ ಓಣಿಯವಳೇ.

ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ರಸ್ತೆಯ ಕಡೆಗೆ ನಾಲ್ಕು ಅಂಗಡಿ ಎದ್ದವು, ಹಾಸ್ಟೆಲು ಉಳಿಯಿತು. ನಾಲ್ಕೈದು ತಿಂಗಳು ಅಜೆಂಡಾ ಹೊಸ ಸಾಲಿನಲ್ಲೇ ನಡೆಯಿತು. ಆಮೇಲೆ ಮಳೆಗಾಲದಲ್ಲಿ ಕಮಾನು ಬಿರುಕು ಬಿಟ್ಟಿತೆಂದು ಒಂದು ಸಲ ಕಟ್ಟಡ ಮೇಲೇರಿತು, ಮರುತಿಂಗಳು ಅಲ್ಲೇ ಕುಳಿತಿತ್ತು. ಮತ್ತೆ ಕೇಳಿ ಕೆಳಗಿಳಿಸಿದೆ. ಹೀಗೆ ಎಷ್ಟು ಸಲವೋ. ನನ್ನ ಹೆಸರೇ 'ಕಾಣದವರ ಬಾಯಿ' ಎಂದಾಯಿತು. 2017ರ ಚುನಾವಣೆಯಲ್ಲಿ ಸೋತೆ. ನೋವಾಗಲಿಲ್ಲ ಎನ್ನಲಾರೆ.

ಆ ವರ್ಷ ಬೆಂಗಳೂರಿನ ಹೆಂಗಸರ ಸಮ್ಮೇಳನವೊಂದರಲ್ಲಿ ಮಿಜೋರಾಮಿನ ಒಬ್ಬಾಕೆ ಸಿಕ್ಕಿದರು. ಅವರಲ್ಲಿ 1910ರಿಂದ ಹೆಂಗಸರು ಪ್ರತಿ ಹೊತ್ತು ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ಚರ್ಚಿಗೆ ತೆಗೆದಿಡುತ್ತಾರಂತೆ. ಹೆಸರು ಬುಹ್‌ಫಾಯ್ ಥಾಮ್. ಆ ಅಕ್ಕಿ ಮಾರಿದ ಹಣವೇ ಈಗ ವರ್ಷಕ್ಕೆ ಕೋಟಿಗಟ್ಟಲೆ ಆಗುತ್ತದೆ. ಆಕೆಯ ಹರಕು ಹಿಂದಿ, ನನ್ನ ಹರಕು ಹಿಂದಿ. ನೀವು ಲಕೋಟೆ ಮಾಡಲಿಲ್ಲವೇ ಎಂದು ಕೇಳಿದೆ. ಆಕೆಗೆ ಪ್ರಶ್ನೆಯೇ ತಿಳಿಯಲಿಲ್ಲ. ಅಡಿಗೆ ದಿನಾ ಮಾಡುತ್ತೇವಲ್ಲ, ಎಂದರು.

ಊರಿಗೆ ಬಂದವಳೇ ಅಟ್ಟದ ಮೇಲಿನ ಡಬ್ಬಿ ಇಳಿಸಿ ತೊಳೆದೆ. ಈಗ ನಮ್ಮ ಮನೆಗೆ ಜೋಳದ ಚೀಲ ಬರುವುದಿಲ್ಲ, ಹಿಟ್ಟಿನ ಪಾಕೀಟು ಬರುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ನಾನು ಹಿಟ್ಟು ಹಾಕುವುದನ್ನು ನೋಡಿ, "ಅತ್ತೀ, ಹಿಟ್ಟಿಗೆ ಹುಳಾ ಬೀಳ್ತಾವ್ರಿ, ತಿಂಗಳತನಕಾ ಇಡಬ್ಯಾಡ್ರಿ. ಶನಿವಾರಕ್ಕೊಮ್ಮೆ ನಾನ ಹೋಗಿ ಕೊಟ್ಟ ಬರ್ತೀನಿ" ಎಂದಳು. ಮೊದಲ ಶನಿವಾರ ಹತ್ತು ನಿಮಿಷದಲ್ಲಿ ಬಂದಳು. ಈಗೀಗ ಒಂದೊಂದು ತಾಸು ಆಗುತ್ತದೆ, ಯಾರಿಗೋ ಗಣಿತ ಹೇಳಿಕೊಡುತ್ತ ಕೂತಿರುತ್ತಾಳೆ. ಹಾಸ್ಟೆಲಿನಲ್ಲಿ ಸದ್ಯ ಹದಿನಾಲ್ಕು ಹುಡುಗಿಯರಿದ್ದಾರೆ. ಹೋದ ವಾರ ಖಾಲಿ ಡಬ್ಬಿ ಒಲೆಯ ಕಟ್ಟೆಗಿಟ್ಟು, "ಅಲ್ರೀ ಅತ್ತೀ, ಆ ಸಣ್ಣಾಕಿಗೆ ಶಾಳ್ಯಾಗ ಬೋರ್ಡ ಕಾಣಂಗಿಲ್ಲಂತ. ಯಾರಿಗೂ ಹೇಳೇ ಇಲ್ಲ ಅಕಿ" ಎಂದಳು. ಸೋಮವಾರ ಸಂಜೆ ಅವಳು ಬ್ಯಾಂಕಿನಿಂದ ಬರುವುದನ್ನೇ ಕಾದಿದ್ದು, ಹುಡುಗಿಯನ್ನು ನಡುವೆ ಕೂರಿಸಿಕೊಂಡು ಆಟೋದಲ್ಲಿ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು.