ಅಪ್ಪನ ಕೊನೆಯ ರಿಟರ್ನ್

ಸತ್ತ ಮೇಲೆ ತೆರಿಗೆಯ ಕಾಟ ಮುಗಿಯಿತು ಎಂಬ ನಂಬಿಕೆ ನಮ್ಮ ಗದಗ-ಬೆಟಗೇರಿಯಲ್ಲಿ ಗಟ್ಟಿಯಾಗಿದೆ. ಅಪ್ಪ ತೀರಿಕೊಂಡದ್ದು 2023ರ ನವೆಂಬರ್ 19ರಂದು. ಮರು ವರ್ಷದ ಜುಲೈ 31ರೊಳಗೆ ಅವನ ಹೆಸರಿನಲ್ಲಿ ರಿಟರ್ನ್ ತುಂಬಬೇಕು ಎಂದಾಗ ಮುಂಡರಗಿಯ ಅಕ್ಕ ಫೋನಿನಲ್ಲೇ ನಕ್ಕಳು. "ಸತ್ತಾವ್ರು ಎಲ್ಲಿಂದ ಸಹಿ ಮಾಡ್ತಾರ?"

ಸತ್ತವರು ಮಾಡುವುದಿಲ್ಲ, ಅವರ ಪರವಾಗಿ ಇನ್ನೊಬ್ಬರು ಮಾಡಬೇಕು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಮು ಹೇಳುತ್ತಿದ್ದುದು ಇಷ್ಟೇ: ತೀರಿಕೊಂಡವರ ಕಾನೂನು ಪ್ರತಿನಿಧಿಯನ್ನೇ ತೆರಿಗೆದಾರ ಎಂದು ಭಾವಿಸತಕ್ಕದ್ದು. ಸಾಹಿತ್ಯ ಓದುವವರು ಈ 'ಭಾವಿಸತಕ್ಕದ್ದು' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಉತ್ತಮ ಪುರುಷದಲ್ಲಿ ಇನ್ನೊಬ್ಬರ ಕಥೆ ಹೇಳುವ ಅಧಿಕಾರವನ್ನು ಕಾಯ್ದೆಯೇ ಕೊಡುತ್ತದೆ.

ನಮ್ಮ ಆಡಿಟರು ಹಳೆಯ ಕಾಲದವರು, ಅಪ್ಪನ ಶಿಷ್ಯರು. "ನೋಡವ್ವಾ, ನಿಮ್ಮ ಅಪ್ಪಾರ ವರ್ಷ ಎರಡು ತುಂಡ ಆಗೈತಿ" ಎಂದು ಹಾಳೆಯ ಮೇಲೆ ಗೆರೆ ಎಳೆದರು. ಏಪ್ರಿಲ್ 1ರಿಂದ ನವೆಂಬರ್ 19ರವರೆಗಿನ ಪಿಂಚಣಿ, ಠೇವಣಿಯ ಬಡ್ಡಿ ಅಪ್ಪನವು. ಮರುದಿನದಿಂದ ಬರುವ ಬಡ್ಡಿ ವಾರಸುದಾರರದು, ಅವರವರ ಪಾಲಿನಂತೆ ಅವರವರ ಲೆಕ್ಕದಲ್ಲಿ. ಅವ್ವನಿಗೆ ಬರುವ ಕುಟುಂಬ ಪಿಂಚಣಿ ಅವ್ವನ ಆದಾಯ. ಅಪ್ಪ ಬದುಕಿದ್ದು ವರ್ಷದಲ್ಲಿ ಏಳೂವರೆ ತಿಂಗಳಾದರೂ ರಿಯಾಯಿತಿಗಳಿಗೆ ಕತ್ತರಿ ಬೀಳುವುದಿಲ್ಲ. ಆ ವರ್ಷಕ್ಕಿದ್ದ 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಪೂರ್ತಿ ಸಿಕ್ಕಿತು. ಸರ್ಕಾರದಲ್ಲಿ ಇಂಥ ದೊಡ್ಡ ಮನಸ್ಸು ಇರಬಹುದೆಂದು ನಾನು ಎಣಿಸಿರಲಿಲ್ಲ.

ಉಯಿಲು ಇದ್ದು, ಅದನ್ನು ಜಾರಿ ಮಾಡುವವರೊಬ್ಬರು ಇದ್ದಿದ್ದರೆ ದಾರಿಯೇ ಬೇರೆ. ಆಗ ಅದೇ ಕಾಯ್ದೆಯ 168ನೇ ಕಲಮಿನಂತೆ 'ಎಸ್ಟೇಟ್' ಬೇರೆಯೇ ಒಂದು ಲೆಕ್ಕವಾಗುತ್ತಿತ್ತು. ಆಸ್ತಿ ಪೂರ್ತಿ ಹಂಚಿ ಮುಗಿಯುವವರೆಗೆ ವರ್ಷಾವರ್ಷ ಅದರ ರಿಟರ್ನ್ ತುಂಬುತ್ತಿರಬೇಕು. ಎಸ್ಟೇಟ್ ಎಂದರೆ ನಮ್ಮ ಬಯಲುಸೀಮೆಯವರಿಗೆ ಚಿಕ್ಕಮಗಳೂರಿನ ಕಾಫಿ ತೋಟ. ನಮ್ಮದು ಬೆಟಗೇರಿಯ ಎರಡು ಖೋಲಿಯ ಮನೆ, ಶಿರಹಟ್ಟಿ ತಾಲೂಕಿನಲ್ಲಿ ಅಜ್ಜನಿಂದ ಬಂದ ಆರು ಎಕರೆ ಎರಿ ಹೊಲ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ಅಪ್ಪ ಉಯಿಲು ಬರೆದಿರಲಿಲ್ಲ.

ಹೊಲಕ್ಕೆ ಆ ಫಾರ್ಮಿನಲ್ಲಿ ಹೆಚ್ಚು ಕೆಲಸವಿಲ್ಲ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ. ಆದರೆ ಜಗಳ ಹುಟ್ಟಿದ್ದು ಹೊಲದಿಂದಲೇ.

ಪೋರ್ಟಲ್‌ನಲ್ಲಿ ನಾನು ಅಪ್ಪನ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕಿತ್ತು. ಅಪ್ಪನ ಪ್ಯಾನ್, ಮರಣ ಪ್ರಮಾಣಪತ್ರ, ನನ್ನ ಪ್ಯಾನ್, ಜೊತೆಗೆ ನಾನು ವಾರಸುದಾರಳು ಎಂಬುದಕ್ಕೆ ಪುರಾವೆ ಬೇಕು. ಅದಕ್ಕಾಗಿ ನಾಡಕಚೇರಿಗೆ ಹೋದೆ. ವಂಶವೃಕ್ಷ ಎಂದರೆ ಅಲ್ಲಿಯತನಕ ನನಗೆ ಭೈರಪ್ಪನವರ ಕಾದಂಬರಿ. ಅಲ್ಲಿ ಅದೊಂದು ಅರ್ಜಿ. ಅದರಲ್ಲಿ ನಾಲ್ಕು ಹೆಸರು: ಅವ್ವ, ಅಣ್ಣ, ಅಕ್ಕ, ನಾನು. ಅದೇ ಹೊತ್ತಿಗೆ ಹೊಲದ ವಾರಸಾ ಕೂಡ ಆಗಬೇಕಿತ್ತು. ಸೋದರತ್ತೆ ಬಂದು ಕುಳಿತಳು. "ಹೆಣ್ಣಮಕ್ಕಳು ಹಕ್ಕು ಬಿಟ್ಟು ಸಹಿ ಮಾಡಿಬಿಡ್ರವ್ವಾ. ತವರಮನಿ ಬಾಗಲಾ ತೆರದಿರಬೇಕಲ್ಲ."

ಅತ್ತೆಯ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವಳೂ ಹಾಗೆ ಸಹಿ ಮಾಡಿ ಬಂದವಳೇ. ಆದರೆ ಅದರ ಹಿಂದಿನ ದಿನವಷ್ಟೇ ಅಣ್ಣ ಲಕ್ಷ್ಮೇಶ್ವರದಿಂದ ಫೋನ್ ಮಾಡಿ, "ಇನ್‌ಕಮ್ ಟ್ಯಾಕ್ಸಿಂದು ನೀನ ನೋಡಿಕೋ, ನನಗ ಅಂಗಡಿ ಬಿಟ್ಟು ಬರಾಕ ಆಗಂಗಿಲ್ಲ" ಎಂದಿದ್ದ. ತೆರಿಗೆ ತುಂಬಲು ನಾನು ವಾರಸುದಾರಳು, ಹೊಲಕ್ಕೆ ಅಲ್ಲ. ಈ ಲೆಕ್ಕ ನನಗೆ ಕೂಡಲಿಲ್ಲ.

ನಾನು ಆಡಿಟರನ್ನು ಕೇಳಿದ್ದು ಬೇರೆಯೇ ಪ್ರಶ್ನೆ: ಅಪ್ಪನ ಬಾಕಿ ಏನಾದರೂ ಹೊರಟರೆ ನನ್ನ ಪಗಾರದಿಂದ ಕೊಡಬೇಕೇ? ಅವರು ಕಲಮು ತೆಗೆದು ತೋರಿಸಿದರು. ಪ್ರತಿನಿಧಿಯ ಹೊಣೆ ತೀರಿಕೊಂಡವರ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ. ಹಿಂದೆ ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಕಟ್ಟು ಇತ್ತು. 2005ರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ಅದನ್ನು ತೆಗೆದುಹಾಕಿತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟದ್ದೂ ಅದೇ ತಿದ್ದುಪಡಿ. ಹೊಣೆಯನ್ನು ಇಳಿಸುತ್ತ ಹಕ್ಕನ್ನು ಹಂಚಿದ ಆ ಕಾಯ್ದೆ ನಮ್ಮ ಪಡಸಾಲೆಗೆ ಇನ್ನೂ ಬಂದಿರಲಿಲ್ಲ.

ನಾನು ಸಹಿ ಮಾಡುವುದಿಲ್ಲ ಎಂದೆ. ಅಕ್ಕ ಎರಡು ದಿನ ಸುಮ್ಮನಿದ್ದು, ತಾನೂ ಮಾಡುವುದಿಲ್ಲ ಎಂದಳು. ಅಣ್ಣ ಮಾತು ಬಿಟ್ಟ.

ಆ ದಿನಗಳಲ್ಲಿ ನಾನು ಅಪ್ಪನ ಎಐಎಸ್ ತೆರೆದು ಓದುತ್ತಿದ್ದೆ. ಒಬ್ಬರ ವರ್ಷದ ಹಣದ ಓಡಾಟವನ್ನೆಲ್ಲ ಇಲಾಖೆ ಪಟ್ಟಿ ಮಾಡಿಟ್ಟ ಕಾಗದ ಅದು. ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ಬ್ಯಾಂಕಿಗೆ ಹೋಗಿ 15ಎಚ್ ಬರೆದುಕೊಡುತ್ತಿದ್ದ ಅಪ್ಪ ಆ ಏಪ್ರಿಲ್‌ನಲ್ಲಿ ಹೋಗಿರಲಿಲ್ಲ. ಬಡ್ಡಿಯಲ್ಲಿ ಶೇಕಡಾ 10ರಂತೆ ಟಿಡಿಎಸ್ ಹಿಡಿದಿದ್ದರು. ಅವನಿಗೆ ಹುಷಾರಿಲ್ಲ ಎಂಬುದು ನಮಗೆಲ್ಲ ತಿಳಿದದ್ದು ಆಗಸ್ಟ್‌ನಲ್ಲಿ. ಆ ಕಾಗದಕ್ಕೆ ಏಪ್ರಿಲ್‌ನಲ್ಲೇ ಗೊತ್ತಿತ್ತು.

ಠೇವಣಿಗೆ ನಾಮಿನಿ ಅಣ್ಣ. "ನಾಮಿನಿ ಅಂದ್ರ ರೊಕ್ಕಾ ಇಸಗೊಳ್ಳಾಂವ ಅಷ್ಟ, ಮಾಲಕ ಅಲ್ಲ" ಎಂದು ಆಡಿಟರೇ ಅವನಿಗೆ ಫೋನಿನಲ್ಲಿ ಹೇಳಿದರು. ನಾನು ಹೇಳಿದ್ದರೆ ಕೇಳುತ್ತಿದ್ದನೋ ಇಲ್ಲವೋ. ಅವನಿರುವ ಊರು ತೆರಿಗೆಯ ವಿಷಯದಲ್ಲಿ ನಮಗಿಂತ ಹಿರಿದು. ಎಂಟನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ ಮಹಾಜನರಿಗೆ ಕಟ್ಟಳೆ ಹಾಕಿಕೊಟ್ಟ ಶಾಸನ ಅಲ್ಲಿದೆ. ಮನೆತನದ ಮಟ್ಟ ನೋಡಿ ಹೆಚ್ಚುಕಡಿಮೆ ತೆರಿಗೆ ಗೊತ್ತುಮಾಡಿದ್ದಾರೆ. ಸ್ಲ್ಯಾಬ್ ಪದ್ಧತಿ ದಿಲ್ಲಿಯಿಂದ ಬಂದದ್ದು ಎಂದುಕೊಂಡವರು ಒಮ್ಮೆ ಓದಬೇಕು.

ಜುಲೈ ಎರಡನೆಯ ವಾರ ರಿಟರ್ನ್ ತುಂಬಿದೆ. ಕೊನೆಯ ದೃಢೀಕರಣದಲ್ಲಿ ನನ್ನ ಹೆಸರು, ಇಂಥವರ ಮಗಳು, ಯಾವ ಅಧಿಕಾರದಿಂದ ಎಂಬ ಕಡೆ 'ಪ್ರತಿನಿಧಿ'. ಆಧಾರ್‌ನ ಓಟಿಪಿ ನನ್ನ ಮೊಬೈಲಿಗೆ ಬಂತು. ತೆರಿಗೆ ಸೊನ್ನೆ, ವಾಪಸು ಬರಬೇಕಾದದ್ದು 6,240 ರೂಪಾಯಿ.

ಅದು ಸೆಪ್ಟೆಂಬರ್‌ನಲ್ಲಿ ನನ್ನ ಖಾತೆಗೆ ಜಮಾ ಆಯಿತು. ನಾಲ್ಕು ಪಾಲು ಮಾಡಿ 1,560ರಂತೆ ಅವ್ವನ ಕೈಗೆ ಕೊಟ್ಟೆ, ಮುಂಡರಗಿಗೂ ಲಕ್ಷ್ಮೇಶ್ವರಕ್ಕೂ ಕಳಿಸಿದೆ. ಹೊಲದ ಉತಾರದಲ್ಲಿ ಅಷ್ಟರಲ್ಲಿ ನಾಲ್ಕೂ ಹೆಸರು ಕೂತಿದ್ದವು. ದುಡ್ಡು ಮುಟ್ಟಿದ ಸಂಜೆ ಅಣ್ಣ ಏಳು ತಿಂಗಳ ಮೇಲೆ ಫೋನ್ ಮಾಡಿದ.

"ಅಪ್ಪನ ಹೆಸರಿನ್ಯಾಗ ಮುಂದಿನ ವರ್ಷನೂ ತುಂಬಬೇಕೇನು?"

"ಇಲ್ಲಣ್ಣ. ಇನ್ನು ನಮ್ಮ ನಮ್ಮ ಹೆಸರಿನ್ಯಾಗ."

"ಹಂಗಾರ ನಂದೂ ನೀನ ತುಂಬು" ಎಂದ.