ಎರಡನೇ ಗೇರಿಗೆ ಇಳಿಯುವ ಸುಖ

ಪರಿಚಯದವರೊಬ್ಬರು ಹೊಸ ಸ್ಪೋರ್ಟ್ಸ್ ಕಾರು ತಂದಿದ್ದಾರೆ. ಮೊನ್ನೆ ನೈಸ್ ರಸ್ತೆಯಲ್ಲಿ ಸ್ವಲ್ಪ ದೂರ ನನ್ನ ಕೈಗೂ ಕೊಟ್ಟರು. ಟೋಲ್ ಗೇಟ್ ಹತ್ತಿರ ಬರುತ್ತಲೇ ಬ್ರೇಕ್ ಒತ್ತಿದೆ. ಕಾರು ತಾನಾಗಿಯೇ ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಯಿತು. ಪ್ರತಿ ಸಲವೂ ಎಂಜಿನ್ ತಾನೇ ಒಮ್ಮೆ ಗುರ್ ಎಂದು ಕೆಳಗಿನ ಗೇರಿಗೆ ತಕ್ಕ ವೇಗದ ಲೆಕ್ಕ ಸರಿಮಾಡಿಕೊಂಡಿತು, ರೆವ್ ಮ್ಯಾಚಿಂಗ್ ಎನ್ನುವುದು ಇದಕ್ಕೇ. "ಹೇಗಿದೆ ಸೌಂಡು?" ಎಂದರು. ಚೆನ್ನಾಗಿಯೇ ಇತ್ತು. ನನ್ನ ಎಲೆಯ ಹೋಳಿಗೆಯನ್ನು ಪಕ್ಕದ ಎಲೆಯವರು ತಿಂದು "ಬಹಳ ರುಚಿಯಾಗಿದೆ" ಎಂದ ಹಾಗೆ.

ಆ ಗುರ್ ನನ್ನ ಬಲಗಾಲಿನದಾಗಬೇಕಿತ್ತು. ಬ್ರೇಕ್ ಒತ್ತಿದ ಕಾಲಲ್ಲೇ ರೇಸನ್ನೂ ಕೊಡುವ ಹೀಲ್ ಅಂಡ್ ಟೋ ವಿದ್ಯೆಯನ್ನು ಇಲ್ಲಿ ಪೂರ್ತಿ ಪಾಠ ಮಾಡುವುದಿಲ್ಲ, ಆದರೆ ಅದನ್ನು ಕಲಿಯಲು ಹೋಗಿ ಬಿಟ್ಟವರಿಗೆ ಒಂದು ಮಾತು. ಹೆಸರು ನಂಬಿ ಹಿಮ್ಮಡಿಯನ್ನು ಆಕ್ಸಿಲರೇಟರ್ ಮೇಲೆ ತರಲು ಹೋಗಬೇಡಿ, ಕಾಲು ಉಳುಕುತ್ತದೆ. ಹೆಬ್ಬೆರಳಿನ ಬುಡ ಬ್ರೇಕಿನ ಬಲ ಅಂಚಿನ ಮೇಲಿರಲಿ. ಪಾದವನ್ನು ಹೊರಳಿಸಿದರೆ ಕಿರುಬೆರಳಿನ ಕಡೆಯ ಅಂಚು ಆಕ್ಸಿಲರೇಟರಿಗೆ ತಾಗುತ್ತದೆ. ಬ್ರೇಕನ್ನು ಗಟ್ಟಿಯಾಗಿ ಒತ್ತಿದಾಗಷ್ಟೇ ಎರಡು ಪೆಡಲ್‌ಗಳೂ ಒಂದೇ ಮಟ್ಟಕ್ಕೆ ಬರುವುದು. ಸಿಗ್ನಲ್ ಹತ್ತಿರ ಮೆಲ್ಲಗೆ ಬ್ರೇಕ್ ಹಾಕುವಾಗ ಪ್ರಯತ್ನಿಸಿ "ಆಗುವುದಿಲ್ಲ" ಎನ್ನುವವರೇ ಹೆಚ್ಚು. ಇನ್ನು ದಪ್ಪ ಅಟ್ಟೆಯ ಶೂ ಬೇಡವೇ ಬೇಡ, ಹವಾಯಿ ಚಪ್ಪಲಿಯಂತೂ ಪೆಡಲ್ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಒಂದು ಜೊತೆ ನನ್ನ ಕಾರಿನಲ್ಲೇ ಇರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಆರ್‌ಪಿಎಂ ಮುಳ್ಳು 2500ರಿಂದ 4000ದ ಹತ್ತಿರಕ್ಕೆ ಹಾರಬೇಕು. ಸರಿಯಾಗಿ ಹಾರಿದರೆ ಕ್ಲಚ್ ಬಿಟ್ಟದ್ದು ಪಕ್ಕದಲ್ಲಿ ಕೂತವರಿಗೆ ತಿಳಿಯುವುದೇ ಇಲ್ಲ. ಯಾರಿಗೂ ತಿಳಿಯದ ಹಾಗೆ ಮಾಡುವ ಈ ಕೆಲಸಕ್ಕೆ ಇಷ್ಟೊಂದು ಹೆಮ್ಮೆ ಯಾಕೆ ಎಂದು ಮನೆಯವಳು ಕೇಳುತ್ತಾಳೆ.

2008ರ ಕೊನೆಗೆ ನಿಸ್ಸಾನ್‌ನವರು 370ಝಡ್ ಕಾರಿನಲ್ಲಿ, ಕ್ಲಚ್ ಇರುವ ಮ್ಯಾನ್ಯುಯಲ್ ಗೇರಿಗೇ, ಈ ಗುರ್ ಅನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಪುಣ್ಯಕ್ಕೆ ಅದನ್ನು ಆಫ್ ಮಾಡುವ ಗುಂಡಿಯನ್ನೂ ಕೊಟ್ಟರು. 2013ರಲ್ಲಿ ಪೋರ್ಷೆಯವರು 911 ಜಿಟಿ3ಯಲ್ಲಿ ಕ್ಲಚ್ ಪೆಡಲ್ಲನ್ನೇ ತೆಗೆದರು, ಇದ್ದದ್ದು ಪಿಡಿಕೆ ಗೇರ್‌ಬಾಕ್ಸ್ ಒಂದೇ. ಕಾರು ವೇಗವಾಯಿತು, ಅಭಿಮಾನಿಗಳ ಮುಖ ಸಣ್ಣಗಾಯಿತು. 2016ರಲ್ಲಿ ಬರೀ ಮ್ಯಾನ್ಯುಯಲ್ ಗೇರಿನ 911 ಆರ್ ಬಂದಾಗ ತಯಾರಿಸಿದ್ದು 991 ಕಾರು ಮಾತ್ರ. ಮೂಲ ಬೆಲೆಯ ಹಲವು ಪಟ್ಟು ಹಣಕ್ಕೆ ಅವು ಕೈ ಬದಲಾದವು. ಮರುವರ್ಷ ಜಿಟಿ3ಗೂ ಕ್ಲಚ್ ವಾಪಸ್ ಬಂತು. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಲ್ಲೇ ಗೇರ್ ಬದಲಿಸುವ ಪಂಥದವರು ಮಿಲಿಸೆಕೆಂಡುಗಳ ಲೆಕ್ಕ ಒಪ್ಪಿಸುತ್ತಾರೆ. ನಿಜ, ಯಾವ ಮನುಷ್ಯನ ಕೈಯೂ ಅಷ್ಟು ಚುರುಕಲ್ಲ. ಆದರೆ ಅಷ್ಟು ಅವಸರದಲ್ಲಿ ಹೋಗಬೇಕಾದದ್ದೆಲ್ಲಿಗೆ ಸ್ವಾಮಿ, ಸಿಲ್ಕ್ ಬೋರ್ಡಿಗೆ?

ಹಾರ್ಸ್‌ಪವರ್ ಎಣಿಸುವವರ ಮಾತು ಬೇಡ. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಅನಾವರಣಗೊಂಡ ಮಜ್ದಾ ಎಂಎಕ್ಸ್-5ರದ್ದು 1.6 ಲೀಟರಿನ ಸಾಧಾರಣ ಎಂಜಿನ್, ತೂಕ ಒಂದು ಟನ್ನಿಗಿಂತ ಕಡಿಮೆ. 2016ರ ಹೊತ್ತಿಗೆ ಆ ಹೆಸರಿನ ಕಾರು ಹತ್ತು ಲಕ್ಷ ತಯಾರಾಗಿದ್ದವು. ಅವರಿಗೆ ಇದೇ ಉತ್ತರ.

ರೇಸ್ ಕೊಟ್ಟು ಗೇರ್ ಇಳಿಸುವ ಈ ವಿದ್ಯೆ ರೇಸಿನವರದು ಎಂಬ ಜಂಬವೂ ನನಗೆ ಸೇರದು. ನಮ್ಮ ಹಳೆಯ ಲಾರಿಗಳ ಗೇರ್‌ಬಾಕ್ಸ್‌ನಲ್ಲಿ ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್. ಇದೇ ಡಬಲ್ ಕ್ಲಚ್. ಆರ್‌ಪಿಎಂ ಮುಳ್ಳು ನೋಡಿ ಮಾಡುತ್ತಿದ್ದ ಕೆಲಸವಲ್ಲ, ಕಿವಿಯೇ ಮೀಟರು. ಲೆಕ್ಕ ತಪ್ಪಿದರೆ ಹಲ್ಲು ಕಡಿಯುವ ಆ ಕರಕರ ಸದ್ದು ಘಾಟಿಯ ಎರಡು ತಿರುವಿನಾಚೆಗೂ ಕೇಳುತ್ತಿತ್ತು, ಕ್ಲೀನರ್ ಹುಡುಗ ನಗುತ್ತಿದ್ದ. ಹತ್ತು ಟನ್ ಅಕ್ಕಿ ಹೇರಿಕೊಂಡು, ಲುಂಗಿ ಉಟ್ಟು, ಬರಿಗಾಲಲ್ಲಿ ಇದನ್ನು ಮಾಡುತ್ತಿದ್ದವರಿಗೆ ಯಾರೂ ಟ್ರೋಫಿ ಕೊಡಲಿಲ್ಲ.

ಅದೇ ಘಾಟಿಗಳಲ್ಲಿ ಈಗ ನಡೆಯುತ್ತಿರುವುದು ನೋಡಿದರೆ ಮೈ ಉರಿಯುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಶುರುಮಾಡಿದ್ದೇ ತಡ, ಗಾಡಿ ನ್ಯೂಟ್ರಲ್‌ಗೆ. ಪೆಟ್ರೋಲ್ ಉಳಿಯುತ್ತದಂತೆ! ಉಳಿಯುವುದಿಲ್ಲ ಮಹರಾಯರೇ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗೆ ಪೆಟ್ರೋಲ್ ಬೇಕೇ ಬೇಕು. ಉಳಿಸಲು ಹೋಗಿ ಸುಡುವುದು ಪೆಟ್ರೋಲ್ ಜೊತೆಗೆ ಬ್ರೇಕನ್ನು. ಮುಂದಿನ ಕಾರಿನ ಕೆಂಪು ದೀಪ ತಿರುವಿನಿಂದ ತಿರುವಿಗೆ ಆರುವುದೇ ಇಲ್ಲ, ಕಿಟಕಿ ಇಳಿಸಿದರೆ ಪ್ಯಾಡ್ ಸುಟ್ಟ ವಾಸನೆ. ಎಂಜಿನ್ನನ್ನೇ ಆಫ್ ಮಾಡುವ ಮಹಾನುಭಾವರೂ ಇದ್ದಾರೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಹತ್ತಿ ಬರುವ ಬಸ್ಸಿನವನು ಇವರ ಮೈಲೇಜಿಗೆ ತಲೆ ಕೊಡಬೇಕೇ?

ಧರ್ಮಸ್ಥಳಕ್ಕೆಂದು ಬಾಡಿಗೆ ಕಾರು ಮಾಡಿಕೊಂಡಿದ್ದಾಗ ಇದನ್ನೆಲ್ಲ ಡ್ರೈವರಿಗೆ ವಿವರಿಸಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡು, "ಆಯ್ತು ಸಾರ್, ನೀವು ಹೇಳಿದ ಹಾಗೇ ಆಗಲಿ" ಎಂದು ನ್ಯೂಟ್ರಲ್‌ನಿಂದ ಸೀದಾ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟ. ರೇಸ್ ಕೊಡದೆ. ಕಾರು ಮುಗ್ಗರಿಸಿದ ರಭಸಕ್ಕೆ ಹಿಂದೆ ನಿದ್ದೆ ಹೋಗಿದ್ದ ನನ್ನ ಹೆಂಡತಿಯ ಹಣೆ ಮುಂದಿನ ಸೀಟಿಗೆ ಬಡಿಯಿತು. ರೆವ್ ಮ್ಯಾಚಿಂಗ್ ಬಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ಅವರ ಪಾಡಿಗೆ ಅವರನ್ನು ಓಡಿಸಲು ಬಿಡ್ತೀರಾ, ಇಲ್ಲಾ ನಾನು ಬಸ್ಸಿಗೆ ಬರಲಾ?"